ಉಪಾಸದ ಪಟ್ಟಿಯ ಬಾಯಾರು

ಇಳಕಲ್ಲಿನಿಂದ ಫೋನು ಬಂದಾಗ ನಾನು ನವನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹಸಿ ಕಡಲೆ ಬಿಡಿಸುತ್ತಿದ್ದೆ. ಮಾತಾಡಿದವನು ಬಾಯಾರ ಅಣ್ಣನ ಮಗ.

“ಕಾಕಾ, ನಮ್ಮ ಸೋದರತ್ತಿ ಹೋದ್ರು. ಮುಂಜಾನೆ ಚಾ ಕುಡಿಯಾಕ ಎಬ್ಬಿಸಿದ್ರ ಏಳಲಿಲ್ಲ.”

“ಮಣ್ಣು ಮಾಡೂದು ಯಾವಾಗ?” ಅಂದೆ.

“ಮುಗೀತ್ರಿ. ಈಗ ಮನಿಗೆ ಬಂದ್ವಿ. ನಿಮಗ ಹೇಳೂದು ತಡಾ ಆತು, ತಪ್ಪು ತಿಳ್ಕೋಬ್ಯಾಡ್ರಿ.”

“ಇರಲಿ ತಗೋ” ಅಂದು ಫೋನಿಟ್ಟು ಮತ್ತೆ ಕಡಲೆ ಬಿಡಿಸುತ್ತ ಕೂತೆ. ಹೆಂಡತಿ ಒಳಗಿನಿಂದ ಬಂದು ಯಾರದು ಅಂದಳು. ಹೇಳಿದೆ. ಆಕೆ ಲೊಚಗುಟ್ಟಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಮುಖ ನೋಡಿದಳು. “ಅಷ್ಟು ವರ್ಷಾ ಕೂಡಿ ಕೆಲಸಾ ಮಾಡೀರಿ. ನಿಮಗೇನೂ ಅನ್ನಿಸವಲ್ದೇನ್ರಿ?”

ಏನೂ ಅನ್ನಿಸುತ್ತಿರಲಿಲ್ಲ. ಊಟ ಮಾಡಿದೆ, ಮಲಗಿದೆ, ನಿದ್ದೆಯೂ ಬಂತು. ಮರುದಿನ ಎದ್ದಾಗಲೂ ಹಾಗೇ ಇತ್ತು. ಬಹಳ ಹೊತ್ತು ಮಡಚಿಕೊಂಡು ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೂ ನಮ್ಮದಲ್ಲ ಅನಿಸುತ್ತದಲ್ಲ, ಅಂಥದು. ಜೋಮು ಬಿಡುವ ಮೊದಲು ಬರೆದುಬಿಡಬೇಕು ಅನಿಸಿ ಕೂತಿದ್ದೇನೆ. ಬಿಟ್ಟ ಮೇಲೆ ಬರೆಯಲಿಕ್ಕಾಗುತ್ತದೋ ಇಲ್ಲವೋ.

ಅವರಿಗೊಂದು ಹೆಸರಿತ್ತು. ಯಾರೂ ಅದನ್ನು ಹಿಡಿದು ಕರೆಯುತ್ತಿರಲಿಲ್ಲ. ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಗೋದಿ ಫಾರ್ಮಿನಲ್ಲಿ ಹೆಣ್ಣು ಅಧಿಕಾರಿ ಅಂತ ಇದ್ದವರು ಅವರೊಬ್ಬರೇ. ನಮ್ಮ ಕಡೆ ಅಂಥವರನ್ನು ಬಾಯಾರು ಅನ್ನುವುದು, ಹೀಗಾಗಿ ಬಾಯಾರು ಅಂದರೆ ಅವರೇ. ಫಾರ್ಮು ಅಂದರೂ ದೊಡ್ಡದೇನಲ್ಲ: ಒಂದಷ್ಟು ಎರೆಭೂಮಿ, ಎರಡು ಬಾವಿ, ತಗಡಿನ ಗೋದಾಮು, ಮತ್ತು ಪ್ರಯೋಗಶಾಲೆ ಅಂತ ಬೋರ್ಡು ಹಚ್ಚಿದ ಒಂದು ಕೋಣೆ. ಆ ಕೋಣೆಯ ಕೆಮಿಸ್ಟ್ ನಾನು. ಮಣ್ಣು, ಎಲೆ, ಕಾಳು ಏನು ತಂದುಕೊಟ್ಟರೂ ಅದರಲ್ಲಿ ಸಾರಜನಕ ಎಷ್ಟಿದೆ ಅಂತ ಅಳೆದು ಹೇಳುವುದು ನನ್ನ ಕೆಲಸ. ಬಾಯಾರ ಕೆಲಸ ತಳಿ ಕೂಡಿಸುವುದು. ಒಂದು ಗೋದಿಯ ಪರಾಗವನ್ನು ಇನ್ನೊಂದು ಗೋದಿಗೆ ಮುಟ್ಟಿಸಿ, ಹುಟ್ಟಿದ ಪೀಳಿಗೆಗಳನ್ನು ಬೆಳೆಸಿ ಆರಿಸುವುದು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಗಿಡ್ಡ ಗೋದಿ ಆಗಷ್ಟೇ ನಮ್ಮ ಕಡೆ ಬಂದಿತ್ತು. ನಮ್ಮ ಹಳೆಯ ಎತ್ತರದ ಗೋದಿಗೆ ಯೂರಿಯಾ ಹೆಚ್ಚು ಹಾಕಿದರೆ ಬೆಳೆದು ಬೆಳೆದು ಗಾಳಿಗೆ ಮಲಗಿಬಿಡುತ್ತಿತ್ತು. ಈ ಗಿಡ್ಡ ಗೋದಿ ಎಷ್ಟು ಹಾಕಿದರೂ ನಿಂತೇ ಉಂಡು, ತೆನೆ ತುಂಬ ಕಾಳು ಕೊಡುತ್ತಿತ್ತು. ಎಲ್ಲರಿಗೂ ಖುಷಿ. ಸಭೆಗಳಲ್ಲಿ ಯೂರಿಯಾ ಎಷ್ಟು ಹೆಚ್ಚಿಸಬಹುದು ಅಂತಲೇ ಮಾತು. ಆಮೇಲೆ ಒಂದು ವರ್ಷ ಯೂರಿಯಾನೇ ಸಿಗದಂತಾಯಿತು. ಬಾಗಲಕೋಟೆಯ ಅಂಗಡಿಗಳ ಮುಂದೆ ಚೀಲ ಹಿಡಿದು ಸಾಲು ನಿಂತ ಜನ ಖಾಲಿ ಚೀಲ ಮಡಚಿಕೊಂಡು ಹೋದರು. ಆ ವರ್ಷ ಗಿಡ್ಡ ಗೋದಿ ಹಳದಿಯಾಗಿ ಮೊಣಕಾಲೆತ್ತರಕ್ಕೇ ನಿಂತಿತು.

ಬಾಯಾರು ಆ ಹಳದಿ ಹೊಲಗಳನ್ನು ನೋಡಲು ಬಸ್ಸಿನಲ್ಲಿ ಊರೂರು ತಿರುಗಿದರು. ತಿರುಗಿ ಬಂದು ನನ್ನ ಕೋಣೆಯಲ್ಲಿ ಕೂತು, ಸೀರೆಯ ಅಂಚಿಗೆ ಹತ್ತಿದ ಹುಲ್ಲುಮುಳ್ಳು ಕೀಳುತ್ತ ಹೇಳಿದರು.

“ತಮ್ಮಾ, ಹೊಟ್ಟಿ ತುಂಬಿದಾಗ ಎಲ್ಲಾ ಗೋದೀನೂ ಚಲೋನ. ಹಸದಾಗ ಯಾವುದು ಚಲೋ ಅಂತ ಯಾರೂ ನೋಡೇ ಇಲ್ಲ.”

ನನಗಿಂತ ಏಳೆಂಟು ವರ್ಷ ದೊಡ್ಡವರು. ನನ್ನನ್ನು ತಮ್ಮಾ ಅನ್ನುತ್ತಿದ್ದರು, ನೀ ಅನ್ನುತ್ತಿದ್ದರು. ತಮಗೆ ಬೇಕಾದವರಿಗೆಲ್ಲ ನೀ, ಬೇಡಾದವರಿಗೆ ನೀವು. ಮೇಲಧಿಕಾರಿಗಳಿಗೆ ನೀವು ಅನ್ನುವಾಗ ಅವರ ಬಾಯಲ್ಲಿ ಅದು ಗೌರವದ ಹಾಗೆ ಕೇಳಿಸುತ್ತಿರಲಿಲ್ಲ, ಬಾಗಿಲು ಮುಚ್ಚಿದ ಹಾಗೆ ಕೇಳಿಸುತ್ತಿತ್ತು.

ಮುಂದಿನ ಹಿಂಗಾರಿಗೆ ಫಾರ್ಮಿನ ಪಶ್ಚಿಮದ ಅಂಚಿನಲ್ಲಿ ಒಂದು ಪಟ್ಟಿ ನೆಲ ಕೇಳಿ ತೆಗೆದುಕೊಂಡರು. ಅದಕ್ಕೆ ಗೊಬ್ಬರವಿಲ್ಲ, ಯೂರಿಯಾ ಇಲ್ಲ. ಪಕ್ಕದ ಇನ್ನೊಂದು ಪಟ್ಟಿಗೆ ಎಲ್ಲವೂ ಉಂಟು. ಒಂದೇ ಬೀಜವನ್ನು ಎರಡೂ ಪಟ್ಟಿಯಲ್ಲಿ ಬಿತ್ತಿ, ಉಂಡದ್ದು ಹೇಗಿದೆ, ಉಪವಾಸ ಇದ್ದದ್ದು ಹೇಗಿದೆ ಅಂತ ನೋಡುವುದು. ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಅದಕ್ಕೆ ಉಪಾಸದ ಪಟ್ಟಿ ಅಂತ ಹೆಸರಿಟ್ಟರು. ಹೆಸರಿಟ್ಟವಳು ದ್ಯಾಮವ್ವ. ಕಳೆ ತೆಗೆಯುವ ತಂಡಕ್ಕೆ ಅವಳೇ ಮುಖ್ಯಸ್ಥೆ, ಬಾದಾಮಿ ಕಡೆಯ ಹಳ್ಳಿಯವಳು, ದೊಡ್ಡ ದನಿ, ದೊಡ್ಡ ಕುಂಕುಮ.

“ಬಾಯಾರ, ಪಾಪಾ, ಈ ಪಟ್ಟಿ ಏನ ತಪ್ಪು ಮಾಡೈತ್ರಿ? ಇದಕ್ಯಾಕ ಉಪಾಸ?”

“ಸ್ವಾಮಿಗೋಳು ಉಪಾಸ ಮಾಡಂಗಿಲ್ಲೇನ ದ್ಯಾಮವ್ವ? ಹಂಗ, ಇದೂ ಮಾಡತೈತಿ.”

“ಸ್ವಾಮಿಗೋಳು ಸಂಜಿಗೆ ಹಾಲು ಹಣ್ಣು ತಿಂತಾರ್ರಿ” ಅಂದಳು ದ್ಯಾಮವ್ವ. ಬಾಯಾರು ನಕ್ಕರು. ಅವರು ನಕ್ಕದ್ದನ್ನು ನಾನು ಎಣಿಸಿ ಹೇಳುವಷ್ಟು ಸಲ ಮಾತ್ರ ನೋಡಿದ್ದೇನೆ, ಅದರಲ್ಲಿ ಬಹುಪಾಲು ದ್ಯಾಮವ್ವನ ಮಾತಿಗೆ.

ಯೂರಿಯಾ ಕಂಡರೆ ಆಗದವರು ಅಂತ ಕೆಲವರು ಅವರ ಬಗ್ಗೆ ತಿಳಿದಿದ್ದರು. ಹಾಗಲ್ಲ. ಹಾಕಿದ್ದೆಲ್ಲ ಪೈರಿನ ಹೊಟ್ಟೆಗೆ ಹೋಗುವುದಿಲ್ಲ, ಒಂದಷ್ಟು ಗಾಳಿಗೆ, ಒಂದಷ್ಟು ನೀರಿಗೆ ಹೋಗುತ್ತದೆ, ಹೊಟ್ಟೆಗೆ ಹೋದದ್ದೂ ಕಾಳಿಗೆ ಬಾರದೆ ಹುಲ್ಲಿನಲ್ಲೇ ಉಳಿಯುತ್ತದೆ ಅನ್ನುವುದು ಅವರ ಸಂಕಟ. “ಉಣಸೂದು ದೊಡ್ಡದಲ್ಲ ತಮ್ಮಾ, ಅರಗಿಸಿಕೊಳ್ಳೂದು ದೊಡ್ಡದು. ಅರಗಿಸಿಕೊಳ್ಳೂ ಗುಣಾನೂ ಬಣ್ಣಾ ಎತ್ತರ ಇದ್ದಂಗ, ರಕ್ತದಾಗ ಬರತೈತಿ. ಹುಡುಕಬೇಕು ಅಷ್ಟ.”

ಹುಡುಕುವುದು ಅಂದರೆ ಹೀಗೆ. ಮುಂಜಾನೆ ಬಿಸಿಲೇರುವ ಮೊದಲು ಗೋದಿ ತೆನೆಯ ಒಂದೊಂದೇ ಹೂವನ್ನು ಬಿಡಿಸಿ, ಸಣ್ಣ ಚಿಮಟದಿಂದ ಅದರ ಪರಾಗಕೋಶ ಕಿತ್ತು ಹಾಕಬೇಕು. ಹೂವು ಬಲಿತು ತನ್ನ ಪರಾಗ ತಾನೇ ಉದುರಿಸಿಕೊಂಡರೆ ಆ ತೆನೆ ಕೆಟ್ಟಿತು. ಕಿತ್ತ ಮೇಲೆ ಕಾಗದದ ಚೀಲ ಹಾಕಿ ಕಟ್ಟಬೇಕು. ಆಮೇಲೆ ಬೇರೆ ಗೋದಿಯ ಪರಾಗ ತಂದು ಉದುರಿಸಬೇಕು. ಬಾಯಾರು ತಲೆಗೆ ಸೆರಗು ಬಿಗಿದು, ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತರೆಂದರೆ ಯಾರೂ ಹತ್ತಿರ ಹೋಗುವಂತಿರಲಿಲ್ಲ. ಉಸಿರಿನ ಗಾಳಿಗೂ ಸಿಡುಕುತ್ತಿದ್ದರು. ಒಮ್ಮೆ ನಾನು ಸೀನಿದ್ದಕ್ಕೆ ಬೈಸಿಕೊಂಡೆ.

ಮನೆಯಲ್ಲಿ ಅವರು, ಅವರ ಅತ್ತೆ, ಇಬ್ಬರೇ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಹೋಗಿದ್ದ. ತವರಿನವರು ಇಳಕಲ್ಲಿಗೆ ಕರೆದುಕೊಂಡು ಹೋಗಲು ಬಂದಾಗ ಈ ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಆಕಿ ಕಲೀತಾಳ. ಕಲಿಯೂದು ಮುಗೀಲಿ, ಆಮ್ಯಾಲೆ ಎಲ್ಲಿಗರ ಹೋಗಲಿ” ಅಂದರಂತೆ. ಕಲಿಸಿದರು. ಕಲಿತು ನೌಕರಿ ಹಿಡಿದ ಮೇಲೂ ಬಾಯಾರು ಎಲ್ಲಿಗೂ ಹೋಗಲಿಲ್ಲ. ಹಳೇ ಬಾಗಲಕೋಟೆಯ ಓಣಿಯಲ್ಲಿ ಒಂದು ಬಾಡಿಗೆ ಮನೆ. ಈಗ ಆ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ.

ಆ ಮನೆಯ ಅಡುಗೆಮನೆಯಲ್ಲಿ ನಮ್ಮ ಫಾರ್ಮಿನ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಕೊಯ್ಲು ಮುಗಿದ ಮೇಲೆ ಪ್ರತಿ ಸಾಲಿನದೂ ಒಂದೊಂದು ಮುಷ್ಟಿ ಹಿಟ್ಟು. ಅತ್ತೆ ಚಪಾತಿ ಲಟ್ಟಿಸಿ, ಬೇಯಿಸಿ, ಬಿಸಿಯಲ್ಲಿ ಒಂದು ತುತ್ತು, ಆರಿದ ಮೇಲೆ ಒಂದು ತುತ್ತು ತಿಂದು ತೀರ್ಪು ಕೊಡುತ್ತಿದ್ದರು. ನಾನೂ ಒಮ್ಮೆ ಹೋಗಿದ್ದೆ.

“ಇದು ಚರ್ಮ ಆಗತೈತಿ ಆರಿದ ಮ್ಯಾಲೆ. ಬ್ಯಾಡ. ಇದು ಬಾಯಾಗ ಕರಗತೈತಿ, ಆದ್ರ ರುಚಿ ಇಲ್ಲ. ಹೂಂ, ಇದು ನೋಡು, ಇದಕ್ಕ ಪಲ್ಯಾ ಬೇಕಾಗಿಲ್ಲ.”

“ಅತ್ತಿ, ಅದು ಉಪಾಸದ ಪಟ್ಟೀದು.”

“ಅದಕ್ಕ ರುಚಿ ಐತಿ. ಉಂಡುಂಡ ಬೆಳದದ್ದಕ್ಕ ಏನ ರುಚಿ ಇರತೈತಿ?”

ಆ ಅತ್ತೆ ತೀರಿದ ದಿನ ನಾನು ಫಾರ್ಮಿನಲ್ಲಿದ್ದೆ. ಜನವರಿಯ ಮುಂಜಾನೆ, ಬಾಯಾರು ಸಾಲಿನಲ್ಲಿ ಚಿಮಟ ಹಿಡಿದು ಕೂತಿದ್ದರು. ಓಣಿಯ ಒಬ್ಬರು ಸೈಕಲ್ಲಿನಲ್ಲಿ ಬಂದು ಬದುವಿನ ಮೇಲೆ ನಿಂತು, “ಬಾಯಾರ, ಅತ್ತಿಯವರು ಹೋದ್ರಂತ್ರಿ” ಅಂದರು. ಬಾಯಾರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ತೆನೆಯ ಉಳಿದ ಹೂಗಳನ್ನು ಒಂದೊಂದಾಗಿ ಬಿಡಿಸಿ ಮುಗಿಸಿದರು. ಕಾಗದದ ಚೀಲ ಹಾಕಿದರು, ದಾರ ಕಟ್ಟಿದರು. ಆಮೇಲೆ ಎದ್ದು, ಮೊಣಕಾಲಿನ ಮಣ್ಣು ಝಾಡಿಸಿಕೊಂಡು, ಯಾರ ಕಡೆಗೂ ನೋಡದೆ ದಾರಿ ಹಿಡಿದರು.

ಕಲ್ಲುಮನಸ್ಸಿನ ಹೆಂಗಸು ಅಂತ ಆಡಿಕೊಂಡರು. ಅವರ ಕಿವಿಗೂ ಬಿದ್ದಿರಬೇಕು. ತಿಂಗಳು ಕಳೆದ ಮೇಲೆ, ನಾನೇನೂ ಕೇಳದಿದ್ದರೂ, ನನ್ನ ಕೋಣೆಯಲ್ಲಿ ಚಹಾ ಕುಡಿಯುತ್ತ ಅಂದರು: “ಆ ತೆನಿ ಮಧ್ಯಾಹ್ನದ ತನಕಾ ಕಾಯ್ತಿದ್ದಿಲ್ಲ ತಮ್ಮಾ. ಅತ್ತಿ ಕಾಯ್ತಿದ್ರು.”

ಆ ಚೀಲದೊಳಗಿನ ಕಾಳಿನಿಂದಲೇ ಮುಂದಿನದೆಲ್ಲ ಹುಟ್ಟಿತು ಅಂದರೆ ಕಥೆಗೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಆ ತೆನೆ ಕಾಳು ಕಟ್ಟಲೇ ಇಲ್ಲ. ಮುಂದಿನದು ಹುಟ್ಟಿದ್ದು ಅದಕ್ಕೆ ಮೊದಲೇ ಕೂಡಿಸಿದ್ದ ಇನ್ನೊಂದು ಜೋಡಿಯಿಂದ. ತಾಯಿ ನಮ್ಮ ಹಳೆಯ ಎತ್ತರದ ಗೋದಿ, ತಂದೆ ಹೊಸ ಗಿಡ್ಡ ಗೋದಿ. ಮೊದಲ ಪೀಳಿಗೆ ಎಲ್ಲ ಒಂದೇ ನಮೂನೆ. ಎರಡನೇ ಪೀಳಿಗೆಯಲ್ಲಿ ಮಾತ್ರ ಅಜ್ಜ, ಅಜ್ಜಿ, ಮುತ್ತಜ್ಜ ಎಲ್ಲರೂ ಹೊರಗೆ ಬಂದರು: ಉದ್ದ, ಗಿಡ್ಡ, ಬೇಗ ಹೂಬಿಟ್ಟದ್ದು, ತಡವಾದದ್ದು. ಅದರಲ್ಲಿ ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ವರ್ಷಕ್ಕೊಂದೇ ಬೆಳೆಯ ಲೆಕ್ಕದಲ್ಲಿ ನಾವೆಲ್ಲ ಮುದುಕರಾಗುತ್ತ ಬಂದೆವು. ಎಂಬತ್ತನೇ ಇಸವಿಯ ಹೊತ್ತಿಗೆ ಉಪಾಸದ ಪಟ್ಟಿಯ ಬದುವಿನ ಪಕ್ಕದ ಒಂದು ಸಾಲು ಎಲ್ಲರ ಕಣ್ಣಿಗೂ ಬೀಳತೊಡಗಿತು. ಸುತ್ತಲಿನದೆಲ್ಲ ಹಳದಿಯಾದಾಗ ಅದೊಂದು ಹಸಿರಾಗಿರುತ್ತಿತ್ತು. ಎತ್ತರ ಸೊಂಟದವರೆಗೆ, ಗಾಳಿಗೆ ಬೀಳುತ್ತಿರಲಿಲ್ಲ. ದ್ಯಾಮವ್ವ ಅದಕ್ಕೆ ಬದುವಿನಾಕಿ ಅಂತ ಹೆಸರಿಟ್ಟಳು.

“ಬದುವಿನಾಕಿ ಭಾಳ ಶಾಣ್ಯಾಕಿ ಅದಾಳ್ರಿ. ಏನೂ ಉಣ್ಣದ ಮಾರಿ ಎಷ್ಟ ಕಳಿ ಐತಿ ನೋಡ್ರಿ.”

ಕೊಯ್ಲಾದ ಮೇಲೆ ಅದರ ಕಾಳು, ಹುಲ್ಲು ಎರಡನ್ನೂ ಬಾಯಾರು ನನಗೆ ತಂದುಕೊಟ್ಟರು. ನಮ್ಮ ಪರೀಕ್ಷೆ ಸರಳ. ಮಾದರಿಯನ್ನು ಆಮ್ಲದಲ್ಲಿ ಕುದಿಸಿ, ಅದರೊಳಗಿನ ಸಾರಜನಕವನ್ನು ಆವಿ ಮಾಡಿ ಇನ್ನೊಂದು ಪಾತ್ರೆಗಿಳಿಸಿದರೆ ಅಲ್ಲಿನ ದ್ರವ ಹಸಿರಾಗುತ್ತದೆ. ಮೇಲಿನ ಗಾಜಿನ ನಳಿಗೆಯಿಂದ ಆಮ್ಲವನ್ನು ಹನಿ ಹನಿಯಾಗಿ ಬಿಡಬೇಕು. ಹಸಿರು ಹೋಗಿ ಗುಲಾಬಿ ಬಣ್ಣ ಬರುವವರೆಗೆ ಎಷ್ಟು ಬೇಕಾಯಿತೋ ಅಷ್ಟು ಸಾರಜನಕ. ಬದುವಿನಾಕಿಯ ಕಾಳಿಗೆ ಆಮ್ಲ ಇಳಿಯುತ್ತಲೇ ಹೋಯಿತು. ಹುಲ್ಲಿಗೆ ಹನಿ ಬೀಳುವುದೇ ತಡ, ಬಣ್ಣ ತಿರುಗಿಬಿಟ್ಟಿತು. ನಾನು ಮತ್ತೊಮ್ಮೆ ಮಾಡಿದೆ. ಹಾಗೇ ಆಯಿತು.

ಬಾಯಾರು ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಕಡೀತನಕಾ ಹಸರ ಇದ್ದು, ಹೋಗೂ ಮುಂದ ಎಲಿಯೊಳಗಿನದು ಎಲ್ಲಾ ಕಾಳಿಗೆ ಕೊಟ್ಟು ಹೋಗೈತಿ. ತಾನು ಏನೂ ಇಟಗೊಂಡಿಲ್ಲ” ಅಂದರು. ಆ ದಿನ ಸಂಜೆ ಬಸ್ಸಿಗೆ ಹೋಗುವಾಗ ಅವರು ಕೈಬೀಸಿಕೊಂಡು ನಡೆದದ್ದು ನೆನಪಿದೆ. ಯಾವಾಗಲೂ ಕೈಕಟ್ಟಿಕೊಂಡು ನಡೆಯುವವರು.

ಮೇಲಿನವರು ಸುಲಭಕ್ಕೆ ಒಪ್ಪಲಿಲ್ಲ. ಯೂರಿಯಾ ಧಾರಾಳ ಹಾಕಿದ ಪಟ್ಟಿಯಲ್ಲಿ ಬೇರೆ ತಳಿಗಳು ಬದುವಿನಾಕಿಗಿಂತ ಹೆಚ್ಚು ಕಾಳು ಕೊಡುತ್ತಿದ್ದವು. ಹೆಚ್ಚು ಕೊಡುವುದನ್ನು ಬಿಟ್ಟು ಕಡಿಮೆ ತಿನ್ನುವುದನ್ನು ಯಾಕೆ ತೆಗೆದುಕೊಳ್ಳಬೇಕು ಅನ್ನುವುದು ಅವರ ಪ್ರಶ್ನೆ. ಬಾಯಾರು ವರ್ಷಗಟ್ಟಲೆ ವಾದ ಮಾಡಿ ಕಡೆಗೊಂದು ಅವಕಾಶ ಪಡೆದರು. ನಮ್ಮ ಫಾರ್ಮಿನಲ್ಲಿ, ಬಾದಾಮಿ ಹತ್ತಿರದ ಒಂದು ಹೊಲದಲ್ಲಿ, ಹುನಗುಂದದ ಹತ್ತಿರದ ಇನ್ನೊಂದರಲ್ಲಿ, ಮೂರೂ ಕಡೆ ಬದುವಿನಾಕಿಯನ್ನು ಬೇರೆ ತಳಿಗಳ ಪಕ್ಕ ಯೂರಿಯಾ ಇಲ್ಲದೆ ಬೆಳೆಯಬೇಕು. ಕಮಿಟಿ ಬಂದು ನಮ್ಮ ಫಾರ್ಮು ನೋಡುತ್ತದೆ. ಮೂರೂ ಕಡೆ ಗೆದ್ದರೆ ತಳಿ ಬಿಡುಗಡೆಯ ದಾರಿಗೆ ಬೀಳುತ್ತದೆ. ಇಲ್ಲವಾದರೆ ಯೋಜನೆ ಅಲ್ಲಿಗೆ ಮುಗಿಯಿತು.

ಆ ವರ್ಷ ಎಳ್ಳಮಾಸಿಗೆ, ಹೊಲಕ್ಕೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವ ಹಬ್ಬಕ್ಕೆ, ಫಾರ್ಮಿಗೆ ರಜೆ. ಬಾಯಾರು ಹುನಗುಂದದ ಹೊಲ ನೋಡಿಕೊಂಡು ಇಳಕಲ್ಲಿಗೆ ಅಣ್ಣನ ಮನೆಗೆ ಹೋಗಿದ್ದರು. ಅಲ್ಲಿ ಜ್ವರ ಬಂದು ವಾರ ಕಳೆದು ಬಂದರು. ಬಸ್ಸಿಳಿದು ಮನೆಗೂ ಹೋಗದೆ ನೇರ ಉಪಾಸದ ಪಟ್ಟಿಗೆ ನಡೆದರು. ನಾನು ಕೋಣೆಯ ಕಿಟಕಿಯಿಂದ ನೋಡಿದೆ. ಪಟ್ಟಿಯ ಮೂಲೆಗೆ ಬಂದು ನಿಂತವರು ನಿಂತೇ ಇದ್ದರು.

ನಾನು ಹೋದಾಗ ಅವರು ಒಂದು ಎಲೆಯನ್ನು ಬೆರಳ ಮೇಲೆ ಹಾಸಿಕೊಂಡು ನೋಡುತ್ತಿದ್ದರು. ಪಟ್ಟಿಗೆ ಪಟ್ಟಿಯೇ ಕಡುಹಸಿರಾಗಿತ್ತು. ಬದುವಿನಾಕಿ ಯಾವುದು, ಉಳಿದವು ಯಾವುವು, ಗೊತ್ತಾಗುವಂತಿರಲಿಲ್ಲ.

ಅಷ್ಟರಲ್ಲಿ ದ್ಯಾಮವ್ವ ಕುಡಗೋಲು ಹಿಡಿದು ನಗುತ್ತ ಬಂದಳು.

“ಬಂದ್ರ್ಯಾ ಬಾಯಾರ? ಹೆಂಗ ಆಗೈತಿ ನೋಡ್ರಿ ನಿಮ್ಮ ಪೈರು!”

“ಏನ ಮಾಡಿದಿ ದ್ಯಾಮವ್ವ?”

“ಎಳ್ಳಮಾಸಿ ದಿನಾ ಚರಗಾ ಚೆಲ್ಲಾಕ ಬಂದಿದ್ವಿರಿ. ಎಲ್ಲಾ ಹೊಲಕ್ಕೂ ಚೆಲ್ಲಿದ್ವಿ, ಭೂಮಿತಾಯಿ ಉಂಡ್ಲು. ಈ ಪಟ್ಟಿ ಮಾರಿ ನೋಡಿದ್ರ, ಬದುವಿನಾಕಿ ಒಬ್ಬಾಕಿನ ಬಿಟ್ಟು ಉಳದದ್ದೆಲ್ಲಾ ಕೂಳ ಕಾಣದ ಕೂಸಿನಂಗ ಹಳದಿ ಆಗಿತ್ರಿ. ಸಾಹೇಬ್ರು ಬರ್ತಾರ, ನಮ್ಮ ಬಾಯಾರ ಪೈರು ನೋಡಿ ನಗ್ತಾರ ಅನ್ನಿಸ್ತು. ಪಂಪಿನ ಮನ್ಯಾಗ ಯೂರಿಯಾ ಚೀಲಾ ಇತ್ತಲ್ರಿ, ಒಂದು ಬುಟ್ಟಿ ತಂದು ಚೆಲ್ಲಿ ನೀರ ಬಿಟ್ಟೆ. ಹಬ್ಬದ ದಿನಾ ಎಲ್ಲಾರೂ ಉಂಡು ಇದೊಂದ ಉಪಾಸ ಇರಬೇಕೇನ್ರಿ? ನಮಗ ಅನ್ನಾ ಇಳೀತೈತೇನ್ರಿ?”

ಬಾಯಾರು ಏನಾದರೂ ಅನ್ನುತ್ತಾರೆ ಅಂತ ನಾನು ಕಾದೆ. ಸೀನಿದ್ದಕ್ಕೆ ಬೈದವರು. ದ್ಯಾಮವ್ವ ಕೂಡ ಕಾಯುತ್ತಿದ್ದಳು, ಹೊಗಳಿಕೆಗೆ. ಬಾಯಾರು ಎಲೆಯನ್ನು ಕೈಬಿಟ್ಟರು. ಬಹಳ ಮೆಲ್ಲಗೆ, ಹೊಸಬರ ಜೊತೆ ಮಾತಾಡುವ ಹಾಗೆ, “ಚಲೋ ಮಾಡಿದ್ರಿ ದ್ಯಾಮವ್ವ. ನೀವು ಊಟಾ ಮಾಡ್ರಿ ಹೋಗ್ರಿ, ಹೊತ್ತಾತು” ಅಂದರು.

ಅಷ್ಟು ವರ್ಷದಲ್ಲಿ ಅವಳಿಗೆ ಮೊದಲ ಸಲ ನೀವು ಅಂದದ್ದು. ದ್ಯಾಮವ್ವನ ಮುಖ ಅರಳಿತು. ಆ ದಿನದ ನಂತರ ಬಾಯಾರು ಆಕೆಗೆ ಎಂದೂ ನೀ ಅನ್ನಲಿಲ್ಲ. “ಬಾಯಾರು ನನಗ ನೀವು ಅಂತಾರ” ಅಂತ ದ್ಯಾಮವ್ವ ಉಳಿದ ಹೆಣ್ಣುಮಕ್ಕಳ ಮುಂದೆ ಹೇಳಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ಬಾಯಾರು ನನ್ನ ಕೋಣೆಗೆ ಬಂದು ಒಂದು ಹಿಡಿ ಎಲೆ ಮೇಜಿನ ಮೇಲಿಟ್ಟರು. “ಇದರಾಗ ಎಷ್ಟು ಐತಿ, ನೋಡು.” ನೋಡುವ ಅಗತ್ಯವಿರಲಿಲ್ಲ. ಆದರೂ ಒಣಗಿಸಿ, ಕುದಿಸಿ, ಮರುದಿನ ನಳಿಗೆ ಏರಿಸಿದೆ. ಅವರು ಪಕ್ಕದಲ್ಲೇ ನಿಂತಿದ್ದರು. ಹನಿ ಬೀಳುತ್ತಲೇ ಇತ್ತು, ಹಸಿರು ಹೋಗಲೊಲ್ಲದು.

“ಸಾಕು, ನಿಲ್ಲಸು” ಅಂದರು. ಕೈ ತೊಳೆದುಕೊಂಡು, ಡಬ್ಬಿ ಬಿಚ್ಚಿ, ರೊಟ್ಟಿ ತಿಂದರು. ಪೂರ್ತಿ ತಿಂದರು. ನಾನು ತಿನ್ನಲಿಲ್ಲ.

“ದ್ಯಾಮವ್ವಗ ಹೇಳೂದಿಲ್ಲೇನ್ರಿ?” ಅಂದೆ.

“ಏನಂತ ಹೇಳಲಿ? ಹಸದದ್ದಕ್ಕ ಉಣಿಸಿದ್ದು ತಪ್ಪಾತು ಅಂತ ಹೇಳಲೇನು?”

ಕಮಿಟಿ ಬಂದದ್ದು ತೆನೆ ತುಂಬುವ ಹೊತ್ತಿಗೆ. ಜೀಪಿನಿಂದ ಇಳಿದವರಲ್ಲಿ ಮುಖ್ಯರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಉಪಾಸದ ಪಟ್ಟಿಯ ಮುಂದೆ ನಿಂತು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಏನಮ್ಮಾ ಇದು! ಯೂರಿಯಾ ಇಲ್ಲದೆ ಇಷ್ಟು ಹಸಿರೇ? ನಾನು ನಂಬಿರಲಿಲ್ಲ. ನೀವು ಹೇಳಿದ್ದು ನಿಜ ಆಯ್ತಲ್ಲ!”

ಹಿಂದಿನವರು ತಲೆ ಆಡಿಸಿದರು. ಒಬ್ಬರು ಬರೆದುಕೊಳ್ಳಲು ಪೆನ್ನು ತೆಗೆದರು. ದೂರದಲ್ಲಿ, ಬಾವಿಯ ಹತ್ತಿರ, ದ್ಯಾಮವ್ವ ಮತ್ತವಳ ತಂಡ ಸೆರಗು ಹೊದ್ದು ಸಾಲಾಗಿ ನಿಂತು ನೋಡುತ್ತಿದ್ದರು. ಬಾಯಾರು ಸುಮ್ಮನಿದ್ದಿದ್ದರೆ ಸಾಕಿತ್ತು. ಬದುವಿನಾಕಿ ನಿಜಕ್ಕೂ ಒಳ್ಳೆಯ ತಳಿಯೇ. ಹಿಂದಿನ ವರ್ಷಗಳಲ್ಲಿ ನಾವು ನೋಡಿದ್ದೇವೆ, ಅಳೆದಿದ್ದೇವೆ. ಅವರು ಹೇಳಬೇಕಾಗಿದ್ದ ಸುಳ್ಳು ಕೂಡ ಇರಲಿಲ್ಲ, ಬರೀ ಒಂದು ಹೂಂ.

“ಇದಕ್ಕ ಯೂರಿಯಾ ಬಿದ್ದೈತ್ರಿ” ಅಂದರು ಬಾಯಾರು.

“ಏನಂದ್ರಿ?”

“ಯೂರಿಯಾ ಹಾಕೇದ್ರಿ, ನೀರೂ ಬಿಟ್ಟೈತಿ. ಈ ವರ್ಷದ್ದು ಹಿಡಿಯಾಕ ಬರೂದಿಲ್ಲ.”

“ಯಾರು ಹಾಕಿದ್ದು? ಯಾರ ಅಪ್ಪಣೆ?”

ಬಾಯಾರು ಬಾವಿಯ ಕಡೆ ನೋಡಲಿಲ್ಲ. “ನಂದ ರೀ. ನಾನ ಹಾಕಿಸೇನಿ” ಅಂದರು.

ಪೆನ್ನು ತೆಗೆದವರು ಮುಚ್ಚಳ ಹಾಕಿದರು. ಹೋಗುವಾಗ ಮಾತ್ರ ಆ ಮುಖ್ಯರು, ತಮ್ಮ ಸಂಕಟ ಮುಚ್ಚಿಕೊಳ್ಳಲೋ ಏನೋ, ಪಟ್ಟಿಯತ್ತ ಕೈ ತೋರಿಸಿ ನಕ್ಕು, “ಪೈರಂತೂ ಚೆನ್ನಾಗಿದೆ ಬಿಡಿ” ಅಂದರು. ಬಾವಿಯ ಹತ್ತಿರ ನಿಂತವರಿಗೆ ಕಂಡದ್ದು ಆ ಕೈ, ಆ ನಗೆ, ಅಷ್ಟೇ. ಜೀಪು ಹೋದ ಮೇಲೆ ದ್ಯಾಮವ್ವ ಎಲ್ಲರಿಗೂ ಬೆಲ್ಲ ಹಂಚಿದಳು. ಬಾಯಾರು ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಯೋಜನೆ ನಿಂತಿತು. ಹುನಗುಂದದ ಹೊಲದಲ್ಲಿ ಬದುವಿನಾಕಿ ಚೆನ್ನಾಗಿಯೇ ಬಂದಿತ್ತು, ಬಾದಾಮಿಯ ಹೊಲದಲ್ಲೂ. ಮೂರರಲ್ಲಿ ಎರಡು ಅಂದರೆ ಸಾಲದು ಅಂದರು. ಇನ್ನೊಂದು ವರ್ಷ ಕೊಡಿ ಅಂತ ಬಾಯಾರು ಕೇಳಲಿಲ್ಲ. ನಾನು ಕೇಳಿ ಅಂದೆ. “ಕೇಳತೇನಿ” ಅಂದರು, ಕೇಳಲಿಲ್ಲ. ಹುನಗುಂದಕ್ಕೆ ವರ್ಗವಾಯಿತು. ಅಲ್ಲಿ ರೈತರಿಗೆ ಸರಕಾರದ ಹೊಸ ಬೀಜ, ಹೊಸ ಗೊಬ್ಬರ ಹೇಗೆ ಬಳಸಬೇಕು ಅಂತ ಹೇಳಿಕೊಡುವ ಕೆಲಸ. ಎಕರೆಗೆ ಎಷ್ಟು ಯೂರಿಯಾ, ಯಾವಾಗ ಹಾಕಬೇಕು ಅಂತ ಊರೂರಿಗೆ ಹೋಗಿ ಹೇಳಿದರು. ಚೆನ್ನಾಗಿ ಹೇಳುತ್ತಿದ್ದರಂತೆ.

ನಾನು ಆಗಾಗ ಹೋಗಿ ಕಾಣುತ್ತಿದ್ದೆ. ಕೊರಗಿದ ಹಾಗೆ ಕಾಣುತ್ತಿರಲಿಲ್ಲ. ಉಣ್ಣುತ್ತಿದ್ದರು, ತಿರುಗುತ್ತಿದ್ದರು, ಆರೋಗ್ಯವಾಗಿದ್ದರು. ಆದರೆ ಗೋದಿಯ ಮಾತು ತೆಗೆದರೆ, ಪಕ್ಕದ ಊರಿನ ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ ಕೇಳುತ್ತಿದ್ದರು. ಬದುವಿನಾಕಿಯ ಬೀಜ ಫಾರ್ಮಿನ ಡಬ್ಬಿಗಳಲ್ಲಿತ್ತು. ಹೊಸದಾಗಿ ಬಂದವರು ಗೋದಾಮು ಬಳಿಸಿದಾಗ ಅದಕ್ಕೆ ನುಸಿ ಹತ್ತಿತ್ತು, ಕೋಳಿಗೆ ಹಾಕಿದರು. ನಾನು ಹೋಗಿ ಹೇಳಿದೆ.

“ಹೌದಾ? ಕೋಳಿ ಯಾರವು?” ಅಂದರು.

ನನಗೆ ಸಿಟ್ಟು ಬಂತು. “ಬಾಯಾರ, ಹತ್ತು ಹನ್ನೆರಡು ವರ್ಷದ ಕೆಲಸರೀ ಅದು!”

“ಗೊತ್ತೈತಿ ತಮ್ಮಾ” ಅಂದರು. “ನನಗೂ ಸಿಟ್ಟು ಬರತೈತೇನೋ ಅಂತ ಕಾಯಕತ್ತೇನಿ. ಬರವಲ್ದು.”

ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಹಿಂಗಾರಿಯಲ್ಲಿ, ದ್ಯಾಮವ್ವ ತೀರಿಕೊಂಡ ಸುದ್ದಿ ಫಾರ್ಮಿಗೆ ಬಂತು. ಬಾಯಾರಿಗೆ ಹೇಳಿ ಕಳಿಸಿದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮರುದಿನ ಮುಂಜಾನೆಯೇ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನಿಂತಿದ್ದರು. ಇಬ್ಬರೂ ಅವಳ ಹಳ್ಳಿಗೆ ಹೋದೆವು.

ಪಡಸಾಲೆಯಲ್ಲಿ ಹೆಂಗಸರು ಕೂತಿದ್ದರು. ದ್ಯಾಮವ್ವನ ಮಗಳು ಬಾಯಾರನ್ನು ಗುರುತು ಹಿಡಿದು, ಕಾಲಿಗೆ ಬಿದ್ದು, ಅಳುತ್ತ ಎಲ್ಲರಿಗೂ ತೋರಿಸಿದಳು.

“ನೋಡ್ರಿ, ಇವರ ಬಾಯಾರು. ನಮ್ಮವ್ವ ಕಡೀ ದಿನದ ತನಕಾ ಇವರದ ಮಾತು. ಸಾಹೇಬ್ರು ಬರೂ ವರ್ಷ ಬಾಯಾರ ಪೈರು ಒಣಗಿ ಹೊಂಟಿತ್ತು, ನಾ ಯೂರಿಯಾ ಚೆಲ್ಲಿ ಉಳಿಸಿದೆ, ಸಾಹೇಬ್ರು ನೋಡಿ ನಕ್ಕು ಶಾಬಾಸ್ ಅಂದ್ರು, ಇಲ್ಲಂದ್ರ ಬಾಯಾರ ಮರ್ಯಾದಿ ಹೋಗ್ತಿತ್ತು ಅಂತ ಬಂದವರ ಮುಂದೆಲ್ಲಾ ಹೇಳಾಕಿ. ಮೊಮ್ಮಕ್ಕಳಿಗೂ ಅದನ್ನ ಹೇಳಾಕಿ. ಖರೆ ಏನ್ರಿ ಬಾಯಾರ? ನಮ್ಮವ್ವ ಉಳಿಸಿದ್ಲೇನ್ರಿ?”

ಹೆಂಗಸರೆಲ್ಲ ಬಾಯಾರ ಮುಖ ನೋಡಿದರು. ನಾನು ನೆಲ ನೋಡಿದೆ.

“ಹೌದವ್ವ. ಆಕಿನ ಉಳಿಸಿದ್ಲು” ಅಂದರು ಬಾಯಾರು.

ಮಗಳು ಕೊಟ್ಟ ಚಹಾ ಕುಡಿದು, ಮಧ್ಯಾಹ್ನ ಕಳೆಯುವವರೆಗೆ ಕೂತು, ರಸ್ತೆಗೆ ಬಂದು ನಿಂತೆವು. ಎರಡೂ ಕಡೆ ಗೋದಿ ತೆನೆಗೆ ಬಂದಿತ್ತು. ಬಾಯಾರು ಆ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬಸ್ಸು ತುಂಬಿಕೊಂಡು ಬಂತು. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆವು. ಮುಂದಿನ ಊರಿನಲ್ಲಿ ಒಬ್ಬ ಎದ್ದು, “ಕುಂಡ್ರ್ರಿ ಬಾಯಾರ” ಅಂದ. ಅವರು ಕೂಡಲಿಲ್ಲ. ಅವನು ಮತ್ತೊಮ್ಮೆ ಅಂದ. ನಾನು ಅವರ ತೋಳು ಮುಟ್ಟಿ, “ಬಾಯಾರ, ಜಾಗಾ ಐತಿ” ಅಂದೆ.

“ಹಾಂ? ನನಗ ಅಂದನೇನು?” ಅಂದು, ಜೋಮು ಹಿಡಿದ ಕಾಲು ಊರುವವರ ಹಾಗೆ ಮೆಲ್ಲಗೆ ಕೂತರು.